ಒಂದು ಲೈಸೆನ್ಸು, ಎರಡು ರೈಫಲ್ಲು

ಮುರುಗೆಪ್ಪ ಸಾವಕಾರರು ಕಮರಿಪೇಟೆಯ ಓಣಿಯಲ್ಲಿ ಟಾಂಗಾದಿಂದ ಇಳಿದಾಗ ಅವರ ಎರಡೂ ಕಂಕುಳಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಒಂದೊಂದು ಉದ್ದನೆಯ ಗಂಟು ಇತ್ತು. ೧೯೬೪ರ ಖಂಡೇನವಮಿಯ ಆಯುಧಪೂಜೆ ಮುಗಿದು ಒಂದು ವಾರವೂ ಆಗಿರಲಿಲ್ಲ. ಬಂದೂಕು ರಿಪೇರಿಯ ಕಮರುದ್ದೀನ ಅಂಗಡಿಯ ಕಟ್ಟೆಯ ಮೇಲೆ ಕೂತು ಯಾವುದೋ ಸ್ಪ್ರಿಂಗಿಗೆ ಅರ ಹಾಕುತ್ತಿದ್ದವನು ತಲೆ ಎತ್ತಿದ.

“ಏನ್ರಿ ಸಾವಕಾರ, ಎರಡೂ ಬಗಲಾಗ ಎರಡ ಕೂಸ ಎತಗೊಂಡ ಬಂದೀರಿ?”

“ಒಂದ ಕೂಸು, ಒಂದ ಮುದಕಿ,” ಎಂದರು ಸಾವಕಾರರು. “ಯಾವದನ್ನ ಇಟ್ಕೋಬೇಕು, ಯಾವದನ್ನ ಬಿಡಬೇಕು, ತಿಳೀವಲ್ದು. ಹದಿನೈದ ದಿನಾ ಆತು, ಅನ್ನ ಸೇರವಲ್ದು. ಅದಕ್ಕ ನಿನ್ನ ಕಡೆ ಬಂದೆ.”

ಮುದುಕಿ ಎಂದರೆ ಮಾರ್ಟಿನಿ ರೈಫಲ್ಲು. ಸಾವಕಾರರ ತಂದೆ ಬ್ರಿಟಿಷರ ಕಾಲದಲ್ಲಿ ತಂದದ್ದು. ಕೆಳಗಿನ ಸನ್ನೆಗೋಲನ್ನು ಜಗ್ಗಿದರೆ ಬಾಯಿ ತೆರೆಯುತ್ತದೆ, ಒಂದು ಕಾಡತೂಸು ಇಡಬೇಕು, ಸನ್ನೆ ಮೇಲೆತ್ತಬೇಕು, ಹೊಡೆಯಬೇಕು. ಇನ್ನೊಂದು ಹೊಡೆಯಬೇಕೆಂದರೆ ಮತ್ತೆ ಮೊದಲಿನಿಂದ. ಕೂಸು ಎಂದರೆ ಈಗಿನ ಫ್ಯಾಕ್ಟರಿಯ ರೈಫಲ್ಲು. ಒಂದೇ ಸಲಕ್ಕೆ ಐದು ಕಾಡತೂಸು ನುಂಗಿ ಕೂತಿರುತ್ತದೆ, ಕೀಲು ಎಳೆದು ದೂಡಿದರೆ ಮುಂದಿನದು ತಯಾರು. ಅದಕ್ಕಿನ್ನೂ ವಾರ್ನಿಶಿನ ವಾಸನೆ ಹೋಗಿರಲಿಲ್ಲ.

ಸಾವಕಾರರ ಲೈಸೆನ್ಸಿನಲ್ಲಿ ರೈಫಲ್ಲಿಗೆ ಇದ್ದದ್ದು ಒಂದೇ ಜಾಗ. ತಿಂಗಳ ಕೊನೆಯವರೆಗೆ ಎರಡನ್ನೂ ಇಟ್ಟುಕೊಂಡು ನೋಡಲು ಪರವಾನಗಿ ಸಿಕ್ಕಿತ್ತು. ಅಷ್ಟರೊಳಗೆ ಒಂದನ್ನು ಬಿಡಬೇಕು. ಹೊಸದನ್ನು ಬಿಟ್ಟರೆ ಅದು ಅಂಗಡಿಯವನಿಗೆ ವಾಪಸು ಹೋಗುತ್ತದೆ, ಬೇಕೆಂದಾಗ ಅಂಥದೇ ಇನ್ನೊಂದು ಸಿಗುತ್ತದೆ. ಮಾರ್ಟಿನಿಯನ್ನು ಬಿಟ್ಟರೆ ಅದು ಧಾರವಾಡದ ಸರಕಾರಿ ಕಚೇರಿಗೆ ಹೋಗುತ್ತದೆ. ಹೋದದ್ದು ಹೋದದ್ದೇ.

ಹೊಸದು ಬೇಕಾದದ್ದಾದರೂ ಯಾಕೆ ಎಂದರೆ, ಉಡಚಪ್ಪನ ತೊಡೆ. ಸಾವಕಾರರದು ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ, ಕಲಘಟಗಿ ಕಡೆ ಶೇಂಗಾ ಹೊಲ. ಹೊಲದ ಕೆಲಸದ ಉಡಚಪ್ಪ ಹಿಂದಿನ ವರ್ಷ ಕಾರ್ತಿಕದಲ್ಲಿ ಹಂದಿಗಳನ್ನು ಡಬ್ಬಿ ಬಾರಿಸಿ ಎಬ್ಬಿಸುತ್ತಿದ್ದ. ಸಾವಕಾರರು ಮಾರ್ಟಿನಿ ಹಿಡಿದು ಬದುವಿನ ಮೇಲೆ ಇದ್ದರು. ಮೊದಲ ಗುಂಡು ಹಂದಿಯ ಬೆನ್ನು ಸವರಿಕೊಂಡು ಹೋಯಿತು. ಎರಡನೆಯದು ಬಾಯಿಗೆ ಬೀಳುವುದರೊಳಗೆ ಹಂದಿ ಉಡಚಪ್ಪನ ಬಲತೊಡೆಯನ್ನು ಸೀಳಿತ್ತು. ಮೂರು ತಿಂಗಳು ಹಾಸಿಗೆ ಹಿಡಿದ. ಈಗ ನಡೆಯುತ್ತಾನೆ, ಒಂದು ಕಾಲು ಎಳೆಯುತ್ತಾನೆ.

“ಹಂಗಾರ ಹೊಸಾದ ಇಟ್ಕೋರಿ. ಇದರಾಗ ತಿಳೀಲಾರದ್ದ ಏನೈತಿ?” ಎಂದ ಕಮರುದ್ದೀನ. ಬಾಯಿ ಹಾಗೆ ಹೇಳಿತು ಖರೆ, ಕೈ ಮಾತ್ರ ಆಗಲೇ ಮಾರ್ಟಿನಿಯ ಸನ್ನೆಯನ್ನು ಜಗ್ಗಿ, ಬಿಟ್ಟು, ಜಗ್ಗಿ ನೋಡುತ್ತಿತ್ತು. ಅದರ ಸಪ್ಪಳವೇ ಹಾಗೆ. ಹಳೆಯ ವಾಡೆಯ ಬಾಗಿಲಿಗೆ ಅಗಳಿ ಬಿದ್ದಂತೆ, ದಪ್ಪಗೆ, ನಂಬಿಕೆ ಬರುವ ಹಾಗೆ.

“ಐತೆಪ್ಪಾ, ತಿಳೀಲಾರದ್ದ ಭಾಳ ಐತಿ. ಹೊಸಾದ್ನ ಹೆಗಲಿಗೆ ಹಚ್ಚಿದ್ರ ಗುರತಿಲ್ಲದವರ ಮನ್ಯಾಗ ಊಟಕ್ಕ ಕುಂತಂಗ ಆಕ್ಕತಿ. ಇದನ್ನ ನೋಡು. ಇಲ್ಲಿ ಕಟಗಿ ಸವದೈತಲ್ಲ, ಇದು ನಮ್ಮಪ್ಪನ ಗಲ್ಲ. ಹತ್ತ ವರ್ಷ ಅಂವಾ ಗಲ್ಲ ಹಚ್ಚಿ ಸವಿಸಿದ ತಗ್ಗಿನ್ಯಾಗ ನಾ ಗಲ್ಲ ಇಡತೇನಿ. ಇದನ್ನ ಸರಕಾರಕ್ಕ ಕೊಡ ಅಂದ್ರ ಹೆಂಗ ಕೊಡ್ಲಿ? ಕೊಡಬ್ಯಾಡ ಅಂದ್ರ ಉಡಚಪ್ಪನ ಮಾರಿ ಹೆಂಗ ನೋಡ್ಲಿ?”

ಕಮರುದ್ದೀನ ಮಾರ್ಟಿನಿಯನ್ನು ಕೆಳಗಿಟ್ಟ. ಸಾವಕಾರರು ಅವನ ಹತ್ತಿರ ಸರಿದು ದನಿ ಇಳಿಸಿದರು.

“ಒಂದ ಮಾತ ಕೇಳ್ತೇನಿ, ನಗಬ್ಯಾಡ. ಹೊಸಾದಕ್ಕ ಹಳೇದರ ಕಟಗಿ ಕುಂದರಸಾಕ ಬರತೈತೇನ? ಒಳಗ ಐದ ಕಾಡತೂಸ ಇರಲಿ, ಹೊರಗ ನಮ್ಮ ಮುದಕೀನ ಇರಲಿ.”

ಕಮರುದ್ದೀನ ನಗಲಿಲ್ಲ. ಎರಡನ್ನೂ ಪಕ್ಕಪಕ್ಕ ಮಲಗಿಸಿ, ನೂಲು ಹಿಡಿದು ಅಳೆದ. “ಆಗೂದಿಲ್ರಿ. ಮಾರ್ಟಿನಿ ಕಟಗಿ ಎರಡ ತುಂಡು, ನಡಕ ಕಬ್ಬಣದ ಹೊಟ್ಟಿ. ಹೊಸಾದು ಒಂದ ಅಖಂಡ ಕಟಗಿ. ಇದರ ಕಾಲು ಅದರ ಮೈಗೆ ಕೂಡೂದಿಲ್ಲ. ಬೇಕಂದ್ರ ಎಣ್ಣಿ ಹಚ್ಚಿ, ತಿಕ್ಕಿ, ಹೊಸಾದ್ನ ಹಳೇದ ಕಂಡಂಗ ಮಾಡಬಹುದು. ಭಾಳ ಮಂದಿ ಈಗ ಮಾಡಸ್ತಾರ. ಆದ್ರ ಗಲ್ಲದ ತಗ್ಗ ಹೆಂಗ ಮಾಡ್ಲಿ? ಉಳಿ ತಗೊಂಡು ಕೆತ್ತಿದ್ರ ಅದು ನನ್ನ ಉಳಿ ಆಕ್ಕತಿ, ನಿಮ್ಮಪ್ಪಾರ ಗಲ್ಲ ಆಗೂದಿಲ್ಲ.”

“ಹಂಗಾರ ನೀನಽ ಹೇಳಪಾ. ಏನ ಮಾಡ್ಲಿ?”

ಕಮರುದ್ದೀನನಿಗೆ ಮಾರ್ಟಿನಿ ಹೋಗಬಾರದಿತ್ತು. ಇಪ್ಪತ್ತು ವರ್ಷ ಅದರ ಹೊಟ್ಟೆಯನ್ನು ಬಿಚ್ಚಿ ಜೋಡಿಸಿದವನು ಅವನೇ. ಅದನ್ನು ಬಿಚ್ಚಿ ನೋಡುತ್ತಲೇ ಅರ್ಧ ಕಸುಬು ಕಲಿತವನು. ಹೊಸದನ್ನು ಬಿಚ್ಚಿದರೆ ಎಲ್ಲಾ ತುಣುಕಿನ ಮೇಲೂ ನಂಬರು, ಕೆಟ್ಟರೆ ಅದೇ ನಂಬರಿನ ಇನ್ನೊಂದು ತುಣುಕು. ಕಮರುದ್ದೀನ ಯಾಕೆ ಬೇಕು? ಆದರೂ ಗಿರಾಕಿಯ ಮುಂದೆ ಒಂದರ ಪಕ್ಷ ಹಿಡಿಯಬಾರದು ಎಂದು ಪಂಚನ ಹಾಗೆ ಹೇಳಿದ:

“ಪರೀಕ್ಷಾ ಮಾಡ್ರಿ. ಬೆಂಗೇರಿ ಆಚೀಕ ಹಾಳ ಕಲ್ಲಿನ ಖಣಿ ಐತಲ್ರಿ, ಅಲ್ಲಿ. ಎಂಬತ್ತ ಹೆಜ್ಜಿ ದೂರ ಐದ ಗಡಿಗಿ ಇಡೂಣು. ಇದಕ್ಕ ಐದ ಕಾಡತೂಸು, ಅದಕ್ಕ ಐದ. ಯಾವದು ಹೆಚ್ಚ ಗಡಿಗಿ ಒಡೀತೈತೋ ಅದು ನಿಮ್ಮದು. ನಿಮ್ಮ ತಲಿ ಕೆಡೂದು ತಪ್ಪತೈತಿ.”

ಸಾವಕಾರರ ಮುಖ ಹಗುರಾಯಿತು. ತಾವು ನಿರ್ಣಯಿಸಬೇಕಾಗಿಲ್ಲವಲ್ಲ ಎನ್ನುವ ಸುಖ. ಎರಡನ್ನೂ ಸ್ವಚ್ಛ ಮಾಡಿಡು ಎಂದು ಹೇಳಿ ಟಾಂಗಾ ಹತ್ತಿದರು.

ಆ ಮಧ್ಯಾಹ್ನ ಕಮರುದ್ದೀನ ಹೊಸದಕ್ಕೆ ಒಂದು ಕೈ ಎಣ್ಣೆ ತೋರಿಸಿ ಮೂಲೆಗೆ ನಿಲ್ಲಿಸಿದ. ಮಾರ್ಟಿನಿಯನ್ನು ಮಾತ್ರ ಮಡಿಲಲ್ಲಿ ಹಾಕಿಕೊಂಡು ಕೂತ. ನಳಿಗೆಯೊಳಗೆ ಬ್ರಶ್ಶು ಆಡಿಸಿದ, ಸ್ಪ್ರಿಂಗು ಬದಲಿಸಿದ. ಕೊನೆಗೆ ನಳಿಗೆಯ ತುದಿಗೆ ಬಂದ. ಅಲ್ಲಿ ಗುರಿ ನೋಡುವ ಸಣ್ಣದೊಂದು ಕಬ್ಬಿಣದ ಉಬ್ಬು ಇರುತ್ತದೆ. ಕಸುಬಿನವರು ಅದಕ್ಕೆ ಮಖ್ಖಿ ಎನ್ನುತ್ತಾರೆ, ನೊಣ ಕೂತಂತೆ ಕಾಣುವುದರಿಂದ. ಮಾರ್ಟಿನಿಯ ಮಖ್ಖಿಯ ಮೇಲೆ ವರ್ಷವರ್ಷದ ಖಂಡೇನವಮಿಯ ಗಂಧ, ಕುಂಕುಮ, ವಿಭೂತಿ ಪದರು ಪದರಾಗಿ ಕೂತು, ಎಣ್ಣೆ ಕುಡಿದು, ಕಲ್ಲಾಗಿತ್ತು. ಈ ಮೊದಲೂ ಅದನ್ನು ಕಂಡಿದ್ದ. ಪೂಜೆಯದು, ನಮಗ್ಯಾಕೆ ಎಂದು ಮುಟ್ಟಿರಲಿಲ್ಲ. ಈ ಸಲ ಪರೀಕ್ಷೆ. ಗುರಿಗೆ ಅಡ್ಡ ಬರುವುದು ಒಂದೂ ಇರಬಾರದು. ಸೀಮೆಎಣ್ಣೆಯಲ್ಲಿ ನೆನೆಸಿ, ಸಣ್ಣ ಚೂರಿಯಿಂದ ಕೆರೆದು ತೆಗೆದ. ಪೂಜೆಯದೆಂದು ನೆಲಕ್ಕೆ ಬೀಳಗೊಡದೆ ಹಿತ್ತಾಳೆಯ ಡಬ್ಬಿಯೊಂದರಲ್ಲಿ ಹಾಕಿಟ್ಟ. ಮಖ್ಖಿ ಹೊಸ ಸೂಜಿಯಂತೆ ಹೊಳೆಯಿತು.

ಚಹಾ ತಂದ ಹೆಂಡತಿ ಅಖ್ತರಬೇಗಂ ಬಾಗಿಲಲ್ಲೇ ನಿಂತು ನೋಡಿದಳು. “ನನ್ನ ಲಗ್ನದಾಗ ನನಗ ಇಷ್ಟ ಸಿಂಗಾರ ಮಾಡಿರಲಿಲ್ಲ. ಯಾರಿಗ್ರಿ ಈ ನಿಕಾಹ್?”

“ಸುಮ್ಮನಿರ. ಇದು ಮುದಕಿ ಮಾನದ ಪ್ರಶ್ನಿ.”

“ಮುದಕ್ಯಾರ ಮಾನ ಕಾಯಾವ್ರು ಮನ್ಯಾಗ ಇರೂ ಮುದಕೀಗೆ ಒಂದ ಚಷ್ಮಾ ತರ್ರಿ. ನಿಮ್ಮ ಅಮ್ಮಾ ನಿನ್ನಿ ಬೆಲ್ಲ ಅಂತ ಸಾಬಾಣ ಕೊಟ್ಲು ಹುಡುಗರಿಗೆ.”

ಖಣಿಯಲ್ಲಿ ಮರುದಿನ ಬಿಸಿಲು ಚೆನ್ನಾಗಿತ್ತು, ಗಾಳಿ ಇರಲಿಲ್ಲ. ಉಡಚಪ್ಪ ಕುಂಬಾರರ ಓಣಿಯಿಂದ ಒಡಕು ಗಡಿಗೆಗಳನ್ನು ಚೀಲದಲ್ಲಿ ತಂದಿದ್ದ. ಕಾಲೆಳೆಯುತ್ತ ಎಂಬತ್ತು ಹೆಜ್ಜೆ ಹೋಗಿ, ಕಲ್ಲಿನ ಮೆಟ್ಟಿಲ ಮೇಲೆ ಐದನ್ನು ಸಾಲಾಗಿ ಇಟ್ಟು, ಕಾಲೆಳೆಯುತ್ತ ವಾಪಸು ಬಂದು ಬಂಡೆಯ ಮರೆಗೆ ಕೂತ.

ಮೊದಲು ಹೊಸದು. ಸಾವಕಾರರು ಅದನ್ನು ನೆಂಟರ ಮಗುವಿನಂತೆ ಹೆಗಲಿಗೆ ತೆಗೆದುಕೊಂಡು, ಕೀಲು ಎಳೆದು, ದೂಡಿ, ಹೊಡೆದರು. ಹೊಡೆದರು, ಹೊಡೆದರು. ನಾಲ್ಕು ಗಡಿಗೆ ಹೋದವು, ಒಂದು ಉಳಿಯಿತು. ಇಷ್ಟೆಲ್ಲ ಮುಗಿಯಲು ಒಂದು ವಚನ ಹೇಳುವಷ್ಟೂ ಹೊತ್ತು ಹಿಡಿಯಲಿಲ್ಲ.

“ಶಹಭಾಸ್,” ಎಂದ ಕಮರುದ್ದೀನ, ಅಷ್ಟೇನೂ ಜೋರಾಗಿ ಅಲ್ಲ.

“ಏನ ಹೊಡದೆ, ಯಾವಾಗ ಹೊಡದೆ, ನನಗಽ ತಿಳೀಲಿಲ್ಲ,” ಎಂದರು ಸಾವಕಾರರು.

ಆಮೇಲೆ ಮಾರ್ಟಿನಿ. ಸಾವಕಾರರು ಪೇಟ ಸರಿ ಮಾಡಿಕೊಂಡರು, ತಂದೆಯ ಗಲ್ಲದ ತಗ್ಗಿನಲ್ಲಿ ಗಲ್ಲ ಇಟ್ಟರು, ಉಸಿರು ಹಿಡಿದರು. ಡಮ್ಮೆಂದಿತು. ಗಡಿಗೆ ಹಾಗೇ ಇತ್ತು. ಅದರ ಹಿಂದಿನ ಗೋಡೆಗಲ್ಲಿನಿಂದ ಬಿಳಿಯ ಪುಡಿ ಹಾರಿತು. ಸನ್ನೆ ಜಗ್ಗಿದರು, ಕಾಡತೂಸು ಇಟ್ಟರು, ಹೊಡೆದರು. ಪುಡಿ. ಮೂರನೆಯದು, ನಾಲ್ಕನೆಯದು, ಐದನೆಯದು. ಐದೂ ಗಡಿಗೆಗಳು ಸಾಲಾಗಿ, ಮದುವೆಯ ಮನೆಯ ಹಿರಿಯರಂತೆ, ಅಲ್ಲಾಡದೆ ಕೂತಿದ್ದವು.

ಸಾವಕಾರರು ಮಾರ್ಟಿನಿಯನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು.

“ನನ್ನ ಕಣ್ಣ ಹೋದ್ವೇನ?”

“ಕಣ್ಣ ಹೋಗಿದ್ರ ಹೊಸಾದ್ರಾಗ ನಾಕ ಹೆಂಗ ಬೀಳತಿದ್ದುವ್ರಿ?” ಎಂದ ಕಮರುದ್ದೀನ.

“ಹಂಗಾರ ಮುದಕೀನ ಹೋತು. ಮುಗೀತು ತಗಿ. ಪರೀಕ್ಷಾ ಅಂದ್ರ ಪರೀಕ್ಷಾ. ಶನಿವಾರ ಧಾರವಾಡಕ್ಕ ಒಯ್ದು ಒಪ್ಪಿಸಿ ಬರತೇನಿ.” ಹಾಗೆಂದು ತಿರುಗಿದವರು, ಹತ್ತು ಹೆಜ್ಜೆ ಹೋಗಿ ನಿಂತು, “ಆದ್ರ ಹೆಂಗ ಹೋತು?” ಎಂದು ಯಾರನ್ನೂ ನೋಡದೆ ಕೇಳಿದರು.

ಕಮರುದ್ದೀನ ಗಡಿಗೆಗಳವರೆಗೆ ನಡೆದು ಹೋಗಿ ಗೋಡೆಗಲ್ಲನ್ನು ನೋಡಿದ. ನೋಡಿ ಅವನ ತಲೆ ಇನ್ನಷ್ಟು ಕೆಟ್ಟಿತು. ನಳಿಗೆ ಹಾಳಾದ ಬಂದೂಕು ಒಂದನ್ನು ಎಡಕ್ಕೆ ಒಗೆದರೆ ಇನ್ನೊಂದನ್ನು ಬಲಕ್ಕೆ ಒಗೆಯುತ್ತದೆ. ಇಲ್ಲಿ ಹಾಗಿರಲಿಲ್ಲ. ಪ್ರತಿ ಗಡಿಗೆಯ ನೆತ್ತಿಯ ಮೇಲೆ, ಅಳೆದು ಇಟ್ಟಂತೆ, ಒಂದೊಂದು ಗೇಣು ಮೇಲೆ, ಒಂದೊಂದು ಬಿಳಿಯ ಚುಕ್ಕೆ. ಐದಕ್ಕೆ ಐದೂ ಒಂದೇ ಸಾಲಿನಲ್ಲಿ. ಇಷ್ಟು ನೆಟ್ಟಗೆ ತಪ್ಪುವ ಬಂದೂಕನ್ನು ಅವನು ಹುಟ್ಟಿದಾರಭ್ಯ ನೋಡಿರಲಿಲ್ಲ.

ಮನೆಗೆ ಬಂದು ರೊಟ್ಟಿಯ ಮುಂದೆ ಕೂತರೂ ಅದೇ ಧ್ಯಾನ. ಅಖ್ತರಬೇಗಂ ಎರಡು ಸಲ ಪಲ್ಯ ಬಡಿಸಿದಳು, ಎರಡು ಸಲವೂ ಅವನು ಬರಿಯ ರೊಟ್ಟಿ ತಿಂದ. ಕೊನೆಗೆ ನಡೆದದ್ದನ್ನೆಲ್ಲ ಹೇಳಿದ.

“ನನಗ ಬಂದೂಕ ತಿಳಿಯೂದಿಲ್ಲ,” ಎಂದಳು ಅವಳು. “ಆದ್ರ ದಿನಾ ಛಲೋ ಆಗೂ ಸಾರು ಒಂದಿನ ಕೆಟ್ರ ನಾ ಎರಡ ಮಾತ ಕೇಳ್ಕೊತೇನಿ. ಇವತ್ತ ಹೊಸಾದೇನ ಹಾಕೀನಿ? ದಿನಾ ಹಾಕೂದು ಏನ ಬಿಟ್ಟೀನಿ? ನೀವೇನ ಹಾಕೀರಿ ಅದಕ್ಕ?”

“ಒಂದ ಸ್ಪ್ರಿಂಗ ಹಾಕೀನಿ. ಅದಕ್ಕೂ ಗುರಿಗೂ ಸಂಬಂಧ ಇಲ್ಲ.”

“ತಗದದ್ದೇನು?”

ಕಮರುದ್ದೀನ ರೊಟ್ಟಿ ಬಿಟ್ಟು ಎದ್ದ. ಅಂಗಡಿಗೆ ಹೋಗಿ ಡಬ್ಬಿ ತೆರೆದ. ಕೆರೆದು ತೆಗೆದ ಗಂಧ-ಕುಂಕುಮದ ದೊಡ್ಡ ಹೊಪ್ಪಳೆಯೊಂದು ಮುರಿಯದೆ ಉಳಿದಿತ್ತು. ಒರೆಸಿಡಲೆಂದು ಅಂಗಡಿಯಲ್ಲೇ ಉಳಿದಿದ್ದ ಮಾರ್ಟಿನಿಯ ಮಖ್ಖಿಯ ಮೇಲೆ ಅದನ್ನು ಇಟ್ಟು ನೋಡಿದ. ಒಂದು ಸಾಸಿವೆ ಕಾಳಿನಷ್ಟು ಎತ್ತರ. ಸಾವಕಾರರು ಇಷ್ಟು ವರ್ಷ ಕಬ್ಬಿಣದ ಮಖ್ಖಿಯನ್ನು ನೋಡಿ ಗುರಿ ಇಡುತ್ತಲೇ ಇರಲಿಲ್ಲ, ಕುಂಕುಮದ ತುದಿಯನ್ನು ನೋಡಿ ಇಡುತ್ತಿದ್ದರು. ತುದಿ ತಗ್ಗಿತು, ಅದನ್ನು ಕಣ್ಣಿನ ನೇರಕ್ಕೆ ತರಲು ನಳಿಗೆಯನ್ನು ಎತ್ತಿದರು, ಇಲ್ಲಿ ಸಾಸಿವೆ ಕಾಳಷ್ಟು ಎತ್ತಿದ್ದು ಎಂಬತ್ತು ಹೆಜ್ಜೆಯಾಚೆ ಒಂದು ಗೇಣಾಯಿತು. ಮುದುಕಿಯನ್ನು ಉಳಿಸಲು ಹೋಗಿ ಮುದುಕಿಯನ್ನು ಸೋಲಿಸಿದವನು ತಾನೇ.

ಹೇಳಬೇಕೋ ಬಿಡಬೇಕೋ? ಹೇಳದಿದ್ದರೆ ಮಾರ್ಟಿನಿ ಕೆಟ್ಟ ಬಂದೂಕೆಂಬ ಹೆಸರು ಹೊತ್ತು ಹೋಗುತ್ತದೆ. ಹೇಳಿದರೆ, ಪೂಜೆಯ ಗಂಧವನ್ನು ಕೇಳದೆ ಕೆರೆದೆ ಎಂದು ಆ ಮನೆಯಲ್ಲಿ ಹೇಳಬೇಕು. ಮನೆಯಲ್ಲಿ ಶಿವಲಿಂಗವ್ವ ಇದ್ದಾರೆ, ಸಾವಕಾರರ ತಾಯಿ. ಬಂದೂಕಿನ ಪೂಜೆ ಮಾಡುವವರು ಅವರೇ. ಎಪ್ಪತ್ತೆಂಟು ವರ್ಷ, ಮಾತು ಮಾತ್ರ ಇನ್ನೂ ಹಸಿ ಮೆಣಸಿನಕಾಯಿ.

ಗುರುವಾರ ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ಹೋದ. ಪಡಸಾಲೆಯಲ್ಲಿ ತಾಯಿ, ಮಗ ಇಬ್ಬರೂ ಇದ್ದರು. ಬಾಗಿಲಲ್ಲೇ ನಿಂತು, ನೆಲ ನೋಡುತ್ತ, ಎಲ್ಲ ಹೇಳಿ ಮುಗಿಸಿದ.

ಶಿವಲಿಂಗವ್ವ ಡಬ್ಬಿ ಇಸಿದುಕೊಂಡು ಕಣ್ಣಿನ ಹತ್ತಿರ ತಂದರು, ಮೂಸಿದರು. “ಯವ್ವಾ! ಇಷ್ಟ ಕುಂತಿತ್ತೇನ? ವರ್ಷಾ ಹಳೇದ ಒರಸಿ ಹೊಸಾದ ಹಚ್ಚೂದು ಪದ್ಧತಿ. ಕಣ್ಣ ಕಾಣಸೂದಿಲ್ಲ, ಒರಸೂದ ಮರೀತಿದ್ದೆ. ಮ್ಯಾಲಽ ಹಚ್ಚತಿದ್ದೆ. ನೀ ಯಾಕ ಅಂಜತಿ ಕಮರುದ್ದೀನ? ನನ್ನ ಸೋಂಬೇರಿತನ ನೀ ತಗದಿ.”

“ಹಂಗಲ್ರಿ ಆಯಿ, ಪೂಜಾದ್ದು...”

“ಪೂಜಾದ್ದಾದ್ರ ದೇವರಿಗೆ ಮುಟ್ಟಿರತೈತಿ. ಉಳದದ್ದು ಹೊಲಸು.”

ಸಾವಕಾರರು ಮಾತ್ರ ಕಂಬಕ್ಕೆ ಆತು ಕೂತಿದ್ದರು. “ಅಂದ್ರ, ನಾ ಇಷ್ಟ ವರ್ಷ ಗುರಿ ಇಟ್ಟದ್ದು ನಮ್ಮವ್ವನ ಕುಂಕುಮಕ್ಕ?” ಎದ್ದು ಡಬ್ಬಿಯೊಳಗೆ ಇಣುಕಿ, “ಹಂಗಾರ ಮುದಕಿ ಛಲೋ ಐತೋ, ಇಲ್ಲೋ?”

“ಅಗದೀ ಛಲೋ ಐತ್ರಿ. ಮಖ್ಖಿ ಮ್ಯಾಲೆ ಪಿತ್ತಳಿ ಟೊಪಗಿ ಕುಂದರಸತೇನಿ, ಅಷ್ಟಽ ಎತ್ತರ. ಇನ್ನೊಮ್ಮೆ ಹೊಡದ ನೋಡ್ರಿ.”

“ನೋಡಬೇಕೋ? ಒಮ್ಮೆ ಮನಸ ಗಟ್ಟಿ ಮಾಡೀನಲ್ಲೋ ಮಾರಾಯಾ. ಮತ್ಯಾಕ ಸಡ್ಲ ಮಾಡ್ತಿ?”

ಆದರೂ ಶುಕ್ರವಾರ ಖಣಿಗೆ ಬಂದರು. ಉಡಚಪ್ಪ ಮತ್ತೆ ಐದು ಗಡಿಗೆ ಹೊತ್ತು, ಕಾಲೆಳೆಯುತ್ತ ಹೋಗಿ, ಇಟ್ಟು, ಕಾಲೆಳೆಯುತ್ತ ಬಂದ. ಸಾವಕಾರರು ಮಾರ್ಟಿನಿ ಎತ್ತಿದರು. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಸನ್ನೆ, ಕಾಡತೂಸು, ಸನ್ನೆ, ಉಸಿರು. ಅವಸರವಿಲ್ಲ. ಗಡಿಗೆ ಒಡೆದವು. ಒಂದು, ಎರಡು, ಮೂರು, ನಾಲ್ಕು. ಐದನೆಯದು ಉಳಿಯಿತು.

“ನಾಕಕ್ಕ ನಾಕು!” ಎಂದು ಕಮರುದ್ದೀನ ಕುಣಿದ. “ನೋಡಿದ್ರೇನ? ಕೂಸಿಗೂ ಮುದಕಿಗೂ ಫರಕ್ ಇಲ್ಲ!”

ಸಾವಕಾರರು ಕುಣಿಯಲಿಲ್ಲ. ಕಲ್ಲಿನ ಮೇಲೆ ಕೂತು ತಲೆ ಹಿಡಿದುಕೊಂಡರು. “ಫರಕ್ ಇಲ್ಲಂದ್ರ ನಾ ಏನ ಮಾಡ್ಲೋ? ಸೋತಿದ್ರ ಒಪ್ಪಿಸ್ತಿದ್ದೆ. ಗೆದ್ದಿದ್ರ ಇಟ್ಕೋತಿದ್ದೆ. ಇದು ಯಾವ ನ್ಯಾಯ?”

ಕಮರುದ್ದೀನನ ಕುಣಿತವೂ ನಿಂತಿತು. ಅವನು ಅತ್ತ ನೋಡಿದ. ಉಡಚಪ್ಪ ಹೇಳದೆಯೇ ಎದ್ದು, ಉಳಿದೊಂದು ಗಡಿಗೆ ತರಲು ಹೊರಟಿದ್ದ. ಒಂದು ಕಾಲು ಇಡುವುದು, ಇನ್ನೊಂದನ್ನು ಎಳೆದುಕೊಳ್ಳುವುದು. ಎಂಬತ್ತು ಹೆಜ್ಜೆ ಅವನಿಗೆ ನೂರಾ ಅರವತ್ತು. ಎರಡು ದಿನ ಪರೀಕ್ಷೆ ನಡೆದರೂ, ಹಂದಿಯ ಮುಂದೆ ನಿಲ್ಲುವವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ ಎಂಬುದು ಕಮರುದ್ದೀನನಿಗೆ ಆಗ ಹೊಳೆಯಿತು. ಹೊಳೆದದ್ದು ಬೇಡವಾಗಿತ್ತು. ಕೇಳಿದರೆ ಉತ್ತರ ಬರುತ್ತದೆ. ಆದರೂ ಉಡಚಪ್ಪ ವಾಪಸು ಬಂದಾಗ ಕೇಳಿಯೇಬಿಟ್ಟ.

“ಉಡಚಪ್ಪ, ನಿನಗ ಯಾವದು ಛಲೋ ಅನಸ್ತತೋ?”

ಉಡಚಪ್ಪ ಧಣಿಯ ಮುಖ ನೋಡಿದ. “ನನಗ್ಯಾಕ್ರಿ ಅದು? ದೊಡ್ಡವರ ಬಂದೂಕು.”

“ಹೇಳಪಾ,” ಎಂದರು ಸಾವಕಾರರು.

“ಮುದಕಿ ಮ್ಯಾಲೆ ನನಗೇನ ಸಿಟ್ಟಿಲ್ರಿ. ಅದು ಹೊಡದ ಹಂದಿ ಭಾಳ. ಹೊತ್ತ ತಂದಾಂವಾ ನಾನಽ. ಆದ್ರ ಅದು ಬಿಟ್ಟ ಹಂದಿ ಒಂದಽ ಸಾಕಾತು.” ಗಡಿಗೆಯನ್ನು ಚೀಲಕ್ಕೆ ಹಾಕಿದ. “ಗಡಿಗಿ ಕುಂತಲ್ಲೇ ಕುಂತಿರತಾವ್ರಿ, ಧಣಿ. ಎಷ್ಟ ಹೊತ್ತ ಮಾಡಿದ್ರೂ ನಡೀತೈತಿ.”

ಬೈಯದೆ, ಅಳದೆ, ಗಡಿಗೆಯ ಮಾತು ಆಡಿದಂತೆ ಆಡಿದ. ಸಾವಕಾರರು ಅವನ ಕಾಲನ್ನು ನೋಡಲಿಲ್ಲ. ಮಾರ್ಟಿನಿಯ ಸನ್ನೆಯನ್ನು ಮೆಲ್ಲಗೆ ಜಗ್ಗಿ, ಖಾಲಿಯಿದೆಯೇ ಎಂದು ನೋಡಿ, ಮುಚ್ಚಿ, ಧೋತರದಲ್ಲಿ ಸುತ್ತತೊಡಗಿದರು. ಗಂಟು ಎರಡು ಸಲ ತಪ್ಪಿತು. ಕಮರುದ್ದೀನ ಸಹಾಯಕ್ಕೆ ಕೈ ಚಾಚಿ ಹಿಂದೆ ತೆಗೆದುಕೊಂಡ.

“ನೀನೂ ಬಾ ನಾಳಿ, ಧಾರವಾಡಕ್ಕ,” ಎಂದರು. “ಒಬ್ಬಾಂವಗ ಆಗೂದಿಲ್ಲ.”

ಶನಿವಾರ ಕಚೇರಿಯಲ್ಲಿ ಅಷ್ಟೇನೂ ಗದ್ದಲ ಇರಲಿಲ್ಲ. ಮೇಜಿನ ಹಿಂದಿದ್ದ ಗುಮಾಸ್ತ ನಡುವಯಸ್ಸಿನವನು, ಮೃದುವಾದ ಧಾರವಾಡದ ಮಾತು. ಇಬ್ಬರಿಗೂ ಕುರ್ಚಿ ಕೊಟ್ಟ, ಕಾಗದ ತೆಗೆದುಕೊಂಡ. ನಂಬರು ಬರೆದುಕೊಂಡ, ತಂದೆಯ ಹೆಸರು ಬರೆದುಕೊಂಡ.

“ಬಂದೂಕು ಕೆಟ್ಟೈತೋ, ಚಾಲೂ ಐತೋ, ಏನ ಬರೀಲ್ರಿ?”

“ಚಾಲೂ ಐತ್ರಿ,” ಎಂದರು ಸಾವಕಾರರು. “ನಿನ್ನಿ ನಾಕ ಗಡಿಗಿ ಒಡೀತು. ಎಂಬತ್ತ ಹೆಜ್ಜಿ.”

“ಐದರಾಗ,” ಎಂದು ಕಮರುದ್ದೀನ ಸೇರಿಸಿದ.

ಗುಮಾಸ್ತ ತಲೆ ಎತ್ತಿ ಇಬ್ಬರನ್ನೂ ನೋಡಿದ. “ಮತ್ತ ಅಷ್ಟ ಛಲೋ ಇದ್ದದ್ದನ್ನ ಯಾಕ ಕೊಡಾಕತ್ತೀರಿ? ಇಲ್ಲಿ ಕಾರಣ ಅಂತ ಒಂದು ಖಾನೆ ಐತ್ರಿ.”

ಸಾವಕಾರರು ಕಮರುದ್ದೀನನ ಕಡೆ ನೋಡಿದರು. ಕಮರುದ್ದೀನ ಕಿಟಕಿಯ ಕಡೆ ನೋಡಿದ. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು.

“ಏನಂದ್ರ...” ಎಂದರು ಸಾವಕಾರರು. “ಇದು ಹೊಡೀತೈತ್ರಿ, ಖರೇ. ಹೊಡದ ಮ್ಯಾಲೆ ಸ್ವಲ್ಪ ತಡೀ ಅಂತೈತಿ. ನಮ್ಮಪ್ಪಗ ಅದು ಸೇರತಿತ್ತು. ನನಗೂ ಸೇರತೈತಿ. ಆದ್ರ ಮುಂದ ಒಬ್ಬ ಮನಶ್ಯಾ ನಿಂತಿರತಾನಲ್ರಿ, ಅವಗ ತಡಿಯಾಕ ಬರೂದಿಲ್ಲ. ಹಂಗಂತ ಇದು ಕೆಟ್ಟದ್ದಂತ ತಿಳಕೋಬ್ಯಾಡ್ರಿ. ಹೊಸಾದ ನನಗ ಸೇರೇತಿ ಅಂತನೂ ಅಲ್ಲ. ನಾ ಮಾಡಾಕತ್ತದ್ದು ಬರೋಬ್ಬರಿ ಐತೋ ಇಲ್ಲೋ, ಅದೂ ನನಗ...”

ಗುಮಾಸ್ತ ಪೂರ್ತಿ ಕೇಳಿದ. ಆಮೇಲೆ ಆ ಖಾನೆಯ ಅಗಲವನ್ನು ನೋಡಿದ. ಎರಡು ಬೆರಳಿನಷ್ಟಿತ್ತು.

“ಅಷ್ಟ ಹಿಡಿಯೂದಿಲ್ರಿ, ಸಾವಕಾರ,” ಎಂದ ಬೇಸರದಿಂದ. ಲೇಖಣಿಯನ್ನು ಶಾಯಿಯಲ್ಲಿ ಅದ್ದಿ, ‘ಹಳೆಯದು’ ಎಂದು ಬರೆದ.